ಉದ್ಯಮ ಪ್ರಶ್ನೋತ್ತರ: ಡೊಮೇನ್ ಹೆಸರಿನ ಮೇಲೆ ಹಣ ಹೂಡಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಸುಲ್ತಾನ್‌ಪೇಟೆಯಲ್ಲಿ ಪ್ರೆಸ್ ನಡೆಸುವ ನೀವು ಇಂಟರ್ನೆಟ್ ಡೊಮೇನ್ ಹೆಸರುಗಳ, ಅಂದರೆ ವೆಬ್‌ಸೈಟ್ ವಿಳಾಸಗಳ, ವ್ಯಾಪಾರಕ್ಕೆ ಬಂದದ್ದು ಹೇಗೆ? ನನ್ನ ಬಳಿ 50 ಸಾವಿರ ರೂಪಾಯಿ ಉಳಿತಾಯವಿದೆ. ನೂರು ಹೆಸರು ಕೊಂಡಿಟ್ಟರೆ ಒಂದಾದರೂ ಲಕ್ಷಗಟ್ಟಲೆಗೆ ಹೋಗುವುದಿಲ್ಲವೇ?
– ಓದುಗ, ರಾಜಾಜಿನಗರ

ಉತ್ತರ: ನನ್ನನ್ನು ಇದಕ್ಕೆ ಎಳೆದದ್ದು ವಿಸಿಟಿಂಗ್ ಕಾರ್ಡ್. ಅಪ್ಪನಿಂದ ಪ್ರೆಸ್ ನನ್ನ ಕೈಗೆ ಬಂದ ಕಾಲದಲ್ಲಿ ಕಾರ್ಡಿನ ಮೇಲೆ ವಿಳಾಸ, ಫೋನ್ ನಂಬರ್ ಇದ್ದರೆ ಮುಗಿಯಿತು. ಆಮೇಲೆ ಕೊನೆಯ ಸಾಲಿಗೆ ವೆಬ್‌ಸೈಟ್ ಬಂತು. ಕರಡು ತಿದ್ದುವವಳು ನಾನೇ ಆದ್ದರಿಂದ ಗಿರಾಕಿಗಳು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಕೆಲವರ ಹೆಸರು ಒಂದೇ ಉಸಿರಿಗೆ ಮುಗಿಯುತ್ತಿತ್ತು. ಇನ್ನು ಕೆಲವರು ‘ನಡುವೆ ಹೈಫನ್ ಹಾಕಿ, ಎಸ್ ಎರಡು ಸಲ, ಕೊನೆಗೆ ಬಿ ಎಲ್ ಆರ್ ಸೇರಿಸಿ’ ಎನ್ನುತ್ತಾ ತಾವೇ ತಡವರಿಸುತ್ತಿದ್ದರು. ಅಂಥ ಉದ್ದನೆಯ ವಿಳಾಸದ ಕಾರ್ಡು ಮಾಡಿಸಿಕೊಂಡಿದ್ದ ಪೀಠೋಪಕರಣದ ವ್ಯಾಪಾರಿಯೊಬ್ಬರು ವರ್ಷ ತುಂಬುವುದರೊಳಗೆ ಮತ್ತೆ ಬಂದರು. ಬೇರೊಬ್ಬರ ಹೆಸರಿನಲ್ಲಿದ್ದ ಚಿಕ್ಕ, ಚೊಕ್ಕ ಹೆಸರೊಂದನ್ನು ಕೊಂಡಿದ್ದರು. ಉಳಿದ ಕಟ್ಟುಗಳನ್ನೆಲ್ಲ ರದ್ದಿಗೆ ಹಾಕಿ ಹೊಸ ಕಾರ್ಡು ಅಚ್ಚು ಹಾಕಿಸಿದರು. ಆ ಹೆಸರಿಗೆ ಅವರು ತೆತ್ತ ಬೆಲೆಯ ಮುಂದೆ ನನ್ನ ಬಿಲ್ಲು ಏನೇನೂ ಅಲ್ಲ. ನಾನು ಹೆಸರುಗಳ ಬೆನ್ನು ಹತ್ತಿದ್ದು ಅಲ್ಲಿಂದ.

ನೂರರ ಲೆಕ್ಕ ಬಿಟ್ಟುಬಿಡಿ. ಒಂದು ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು ಇದ್ದೇ ಇದೆ. ನೂರಕ್ಕೆ ಲಕ್ಷವಾಯಿತು, ನಿಮ್ಮ ದುಡ್ಡು ಮೊದಲ ವರ್ಷಕ್ಕೇ ಸಾಲದು. ‘ಕೊಂಡೆ’ ಎಂದು ನಾವು ಹೇಳಿದರೂ ಇದು ನೋಂದಣಿ ಮಾತ್ರ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ, ನವೀಕರಿಸದಿದ್ದರೆ ಕೈತಪ್ಪುತ್ತದೆ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಮಾರಾಟವಾದ ಸುದ್ದಿಯನ್ನು ಎಲ್ಲರೂ ಹೇಳುತ್ತಾರೆ. ಕೊಂಡ ಬ್ಲಾಕ್ ಒನ್ ಕಂಪನಿ ಅದೇ ಹೆಸರಿನಲ್ಲಿ ಸಾಮಾಜಿಕ ಜಾಲತಾಣ ಕಟ್ಟಲು ಹೊರಟಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಹೆಸರೇ ಬೇಕು ಎನ್ನುವವನು ಇದ್ದರೆ ಬೆಲೆ. ಇಲ್ಲದಿದ್ದರೆ ವರ್ಷ ವರ್ಷ ಶುಲ್ಕ ಕಟ್ಟುವುದಷ್ಟೇ.

ಆದ್ದರಿಂದ ನಿಮಗೆ ಒಳಹೊರಗು ಗೊತ್ತಿರುವ ವ್ಯಾಪಾರದಿಂದಲೇ ಆರಂಭಿಸಿ. ನಾನು ಕೊಂಡವು ಕಾಗದ, ಪ್ಯಾಕಿಂಗ್, ಮದುವೆಯ ಆಮಂತ್ರಣ ಪತ್ರಿಕೆಗಳಿಗೆ ಸಂಬಂಧಪಟ್ಟವು. ಯಾರು ಹೊಸದಾಗಿ ಅಂಗಡಿ ತೆರೆಯುತ್ತಿದ್ದಾರೆ, ಗಿರಾಕಿ ಯಾವ ಪದ ಹಿಡಿದು ಹುಡುಕುತ್ತಾನೆ ಎಂಬುದು ನನಗೆ ಗಲ್ಲಾದ ಮುಂದೆಯೇ ತಿಳಿಯುತ್ತದೆ. ನೀವು ಪೀಣ್ಯದಲ್ಲಿ ಕೆಲಸ ಮಾಡುವವರಾದರೆ ಯಂತ್ರದ ಬಿಡಿಭಾಗಗಳ ಲೋಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಳ್ಳುವ ಮುನ್ನ ಹೆಸರನ್ನು ನಾಲ್ಕು ಜನರಿಗೆ ಫೋನಿನಲ್ಲಿ ಹೇಳಿ, ಬರೆದು ಕಳುಹಿಸಲು ಕೇಳಿ. ನಾಲ್ವರೂ ಒಂದೇ ರೀತಿ ಬರೆದರೆ ಮುಂದಿನ ಮಾತು. ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಈ ತೊಡಕು ಹೆಚ್ಚು: ‘ಊಟ’ಕ್ಕೆ ಒಬ್ಬರು ಎರಡು ‘ಓ’ ಹಾಕಿದರೆ ಇನ್ನೊಬ್ಬರು ‘ಯು’ ಹಾಕುತ್ತಾರೆ. ಮೊದಲಿಗೆ ಐದಾರು ಹೆಸರು ಸಾಕು. ಉಳಿದ ಹಣ ನವೀಕರಣಕ್ಕಿರಲಿ.

ಪ್ರಶ್ನೆ: ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕೊಂಡಿಟ್ಟರೆ ಅವರೇ ಬಂದು ದುಡ್ಡು ಕೊಡುತ್ತಾರೆ ಎಂದು ಗೆಳೆಯ ಹೇಳುತ್ತಾನೆ. ನಿಜವೇ?
– ವಿದ್ಯಾರ್ಥಿ, ಜಯನಗರ

ಉತ್ತರ: ಖಂಡಿತ ಬೇಡ. ಇದು ಹೂಡಿಕೆಯಲ್ಲ, ಪರರ ದುಡಿಮೆಗೆ ಕೈಹಾಕುವುದು. ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲೇ ಇಂಥ ದೊಡ್ಡ ಮೊಕದ್ದಮೆಯೊಂದು ಆರಂಭವಾಯಿತು. ಸತ್ಯಂ ಇನ್ಫೋವೇ ಕಂಪನಿ ‘ಸಿಫಿ’ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿತ್ತು. ಇನ್ನೊಂದು ಕಂಪನಿ ‘ಎಫ್’ ಒಂದನ್ನು ಹೆಚ್ಚಿಗೆ ಸೇರಿಸಿದ ಹೆಸರು ನೋಂದಾಯಿಸಿತು. ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪು ನೀಡಿತು. ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆ ಕಾನೂನಿನ ರಕ್ಷಣೆ ಉಂಟು ಎಂದು ಅಲ್ಲಿ ಸ್ಪಷ್ಟವಾಯಿತು. ಕೋರ್ಟಿಗೆ ಹೋಗದೆಯೂ ಹೆಸರನ್ನು ಕಿತ್ತುಕೊಳ್ಳಲು 1999ರಿಂದ ಜಾಗತಿಕ ವ್ಯಾಜ್ಯ ನಿಯಮಗಳಿವೆ. ಡಾಟ್ ಇನ್ ಹೆಸರುಗಳಿಗೆ ಪ್ರತ್ಯೇಕ ನಿಯಮವೇ ಇದೆ.

ಪ್ರಶ್ನೆ: ಕನ್ನಡ ಲಿಪಿಯ ‘ಡಾಟ್ ಭಾರತ’ ಹೆಸರುಗಳನ್ನು ಈಗಲೇ ಕೊಂಡಿಡಬಹುದೇ?
– ಗೃಹಿಣಿ, ಬಸವನಗುಡಿ

ಉತ್ತರ: ನೀವು ಹಪ್ಪಳ ಸಂಡಿಗೆ ಮಾರುತ್ತೀರಿ ಎಂದು ಬರೆದಿದ್ದೀರಿ. ಆ ಅಂಗಡಿಗಾಗಿ ಕೊಳ್ಳಿ, ನನಗೆ ತುಂಬ ಸಂತೋಷ. ಮರುಮಾರಾಟಕ್ಕೆಂದಾದರೆ ಬೇಡ. ಅಂಥ ಹೆಸರಿನಲ್ಲಿ ಮಾಡಿಕೊಂಡ ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿ ನಮೂನೆಗಳು ಇನ್ನೂ ಬಹಳ ಇವೆ, ಕೊಳ್ಳುವವರು ಹಿಂಜರಿಯುತ್ತಾರೆ.

ಪ್ರಶ್ನೆ: ನಮ್ಮ ಅಂಗಡಿಯ ಡಾಟ್ ಕಾಮ್ ಹೆಸರಿನ ಅವಧಿ ಹೋದ ವಾರ ಮುಗಿದಿದೆ. ಹೋಯಿತೇ?
– ವ್ಯಾಪಾರಿ, ಮಲ್ಲೇಶ್ವರ

ಉತ್ತರ: ಇಲ್ಲ, ಆದರೆ ಇಂದೇ ಎದ್ದು ನಿಲ್ಲಿ. ಅವಧಿ ಮುಗಿದ ಮೇಲೆ ಹೆಸರು ಗರಿಷ್ಠ 45 ದಿನ ನಿಮಗೆ ಅದನ್ನು ನೋಂದಾಯಿಸಿಕೊಟ್ಟ ಕಂಪನಿಯ ಕೈಯಲ್ಲಿರುತ್ತದೆ. ಎಷ್ಟು ದಿನ ಕಾಯಬೇಕೆಂಬುದು ಅವರ ನಿಯಮ, ಕೆಲವರು ಅಷ್ಟರಲ್ಲೇ ಹರಾಜಿಗೂ ಇಡುತ್ತಾರೆ. ಅವರು ಹೆಸರನ್ನು ಅಳಿಸಿದರೆ ಮತ್ತೆ 30 ದಿನ ಹೆಚ್ಚುವರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಆ ಬಳಿಕ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು, ಅದಕ್ಕೆಂದೇ ಕಾದು ಕುಳಿತವರಿದ್ದಾರೆ. ನಡೆಯುತ್ತಿರುವ ಅಂಗಡಿಯ ಹೆಸರು ಹಿಡಿದು ಅದರ ಮಾಲೀಕರಿಗೇ ಮಾರುವುದನ್ನು ನಾನು ಎಂದೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ನೋಂದಣಿ ಯಾರ ಇಮೇಲ್‌ನಲ್ಲಿದೆ ಎಂದು ಮೊದಲು ನೋಡಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ ಅವನನ್ನು ಜೊತೆಗೆ ಕೂರಿಸಿಕೊಂಡು ನವೀಕರಿಸಿ, ಆಮೇಲೆ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.