ಎಡ ಅಂದ್ರೆ ಯಾರ ಎಡ?

ಪ್ರಶ್ನೆ: ಮೇಡಂ, ನಮ್ದು ಮಂಡ್ಯ ಪಕ್ಕದ ಹಳ್ಳಿ. ಊರೋರ ಮನೇಲಿರೋ ಹಳೇ ಫೋಟೋಗಳ್ನೆಲ್ಲಾ ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಒಂದು ಆರ್ಕೈವ್ ಮಾಡ್ತಾ ಇದೀವಿ, ಮದುವೆ, ಜಾತ್ರೆ, ದನ, ಆಲೆಮನೆ ಎಲ್ಲಾ ಇದೆ. ಹುಡುಕೋಕೆ ಸುಲಭ ಆಗ್ಲಿ ಅಂತ ಯಾರು ಯಾವ ಕಡೆ ತಿರುಗಿದಾರೆ ಅನ್ನೋದಕ್ಕೂ ಟ್ಯಾಗ್ ಹಾಕ್ತಿದೀವಿ. ಒಂದು ಜೋಡಿ ಹಳ್ಳಿಕಾರ್ ಎತ್ತಿನ ಫೋಟೋಗೆ ನಾನು 'ಎಡಗಡೆ ಎತ್ತಿಗೆ ಕೊಂಬು ದೊಡ್ಡದು' ಅಂತ ಬರ್ದೆ. ನಮ್ಮಪ್ಪ ನೋಡಿ 'ಲೋ, ಅದು ಬಲಕ್ಕೆ ಕಟ್ಟೋ ಎತ್ತು ಕಣೋ, ಅಷ್ಟೂ ಗೊತ್ತಾಗಲ್ವಾ ನಿಂಗೆ' ಅಂತ ಬೈದ್ರು. ಅವತ್ತಿಂದ ಮನೇಲಿ ಇದೇ ಮಾತು. ಯಾರು ಸರಿ? ಟ್ಯಾಗ್‌ಗೆ ಅರ್ಥ ಹೆಂಗೆ ಬರೀಬೇಕು?

ಉತ್ತರ: ಇಬ್ರೂ ಸರೀನೇ, ಅದಕ್ಕೇ ಜಗಳ ಮುಗೀತಿಲ್ಲ. ಫೋಟೋ ಎತ್ತಿನ ಮುಂದೆಯಿಂದ ತೆಗ್ದಿರೋದು ಅಂತ ಕಾಣುತ್ತೆ. ನಿಮ್ಮಪ್ಪ ಜೀವನ ಪೂರ್ತಿ ಎತ್ತಿನ ಹಿಂದೆ ನೇಗಿಲು ಹಿಡಿದು ನಡೆದೋರು, ಫೋಟೋ ನೋಡ್ವಾಗ್ಲೂ ಮನಸ್ಸಲ್ಲೇ ಹಿಂದೆ ಹೋಗಿ ನಿಂತ್ಕೊಂಡು ನೋಡ್ತಾರೆ. ನೀವು ಸ್ಕ್ರೀನ್ ಮುಂದೆ ಕೂತ್ಕೊಂಡು ನೋಡ್ತೀರ.

ನಮ್ಮ ಮಾತಲ್ಲಿ ಈ ಎರಡೂ ಲೆಕ್ಕ ಮೊದಲಿಂದ ಇದೆ. ಬಲಮುರಿ ಗಣಪತಿ ಅಂದ್ರೆ ಸೊಂಡಿಲು ಗಣಪತಿಯ ಬಲಕ್ಕೆ ತಿರುಗಿರೋದು, ಎದುರಿಗೆ ಕೈ ಮುಗ್ದು ನಿಂತ ನಮಗೆ ಅದು ಎಡಕ್ಕೆ ಕಾಣುತ್ತೆ, ಆದ್ರೂ ಯಾರೂ ಅದನ್ನ ಎಡಮುರಿ ಅನ್ನಲ್ಲ. ನಿಮ್ಮೂರ ಗದ್ದೆಗೆ ನೀರು ಬರೋ ವಿ.ಸಿ. ನಾಲೆ ಕೆಆರ್‌ಎಸ್‌ನ ಎಡದಂಡೆ ನಾಲೆ. ನೀರು ಹರಿಯೋ ಕಡೆ ಮುಖ ಮಾಡಿ ನಿಂತ್ರೆ ಎಡ, ಕೆಳಗಿಂದ ಕಟ್ಟೆ ಕಡೆ ಮುಖ ಮಾಡಿ ನಿಂತ್ರೆ ಅದೇ ನಾಲೆ ನಿಮ್ಮ ಬಲಕ್ಕೆ. ಇಲ್ಲೆಲ್ಲಾ ಆ ವಸ್ತುವಿನ ಸ್ವಂತ ಎಡಬಲ ಲೆಕ್ಕ. ಆದ್ರೆ ಸ್ಕೂಲ್ ಗ್ರೂಪ್ ಫೋಟೋ ಕೆಳಗೆ 'ಎಡದಿಂದ ಬಲಕ್ಕೆ ಕುಳಿತವರು' ಅಂತ ಬರೆದಿರ್ತಾರಲ್ಲ, ಅದು ನೋಡೋರ ಎಡ. ಎರಡನ್ನೂ ಒಂದೇ 'ಎಡ' ಅನ್ನೋ ಟ್ಯಾಗಿಗೆ ತುರುಕಿದ್ರೆ ಸಾವಿರ ಫೋಟೋ ಆದ್ಮೇಲೆ ಯಾವ್ದನ್ನೂ ನಂಬೋಕಾಗಲ್ಲ. ನಾನೂ ಹಿಂದೆ ಮೈಸೂರಲ್ಲಿ ಒಂದು ಕಡೆ ಇದೇ ಕೆಲಸ ಮಾಡಿದೀನಿ, ಬೆಳಿಗ್ಗೆ ಬರೋರು ಒಂದು ಲೆಕ್ಕ, ಮಧ್ಯಾಹ್ನ ಬರೋರು ಇನ್ನೊಂದು ಲೆಕ್ಕ, ಕೊನೆಗೆ 'ಎಡ' ಅನ್ನೋ ಟ್ಯಾಗನ್ನ ಪೂರ್ತಿ ಕಿತ್ತಾಕಿ ಮೊದಲಿಂದ ಶುರು ಮಾಡಿದ್ವಿ.

ನನ್ನ ಸಲಹೆ ಇಷ್ಟೆ. ಮೈಗೆ ಸೇರಿದ್ದು, ಅಂದ್ರೆ ಕೈ, ಕಾಲು, ಕಣ್ಣು, ಸೊಂಡಿಲು, ಹೆಗಲು, ನೊಗಕ್ಕೆ ಕಟ್ಟಿದ ಎತ್ತು, ಇದೆಲ್ಲಾ ಅವರವರ ಸ್ವಂತ ಎಡಬಲ. ಎಡಗೈಗೆ ವಾಚ್ ಕಟ್ಟಿದೋರ ಫೋಟೋಗೆ 'ಬಲಗೈ ವಾಚ್' ಅಂತ ಯಾರಾದ್ರೂ ಹಾಕ್ತಾರಾ? ಇಲ್ಲಿ ನಿಮ್ಮಪ್ಪ ಗೆದ್ರು. ಮುಖ ಎತ್ತಕಡೆ ತಿರುಗಿದೆ, ಚಿತ್ರದಲ್ಲಿ ಯಾವ ಬದೀಲಿ ನಿಂತಿದಾರೆ ಅನ್ನೋದು ಮಾತ್ರ ನೋಡೋರ ಎಡಬಲ. ಅದಕ್ಕೆ ಬರೀ 'ಎಡ' ಅಂತ ಬೇಡ, ಟ್ಯಾಗ್ ಹೆಸರೇ 'ಮುಖ ಚಿತ್ರದ ಎಡಕ್ಕೆ', 'ಮುಖ ಚಿತ್ರದ ಬಲಕ್ಕೆ' ಅಂತ ಇರ್ಲಿ. ಉದ್ದ ಆಯ್ತು ಅಂತ ನಿಮ್ಮ ಹುಡುಗ್ರು ಗೊಣಗ್ತಾರೆ, ಗೊಣಗ್ಲಿ ಬಿಡಿ.

ಇನ್ನೊಂದು ವಿಷ್ಯ, ಜನ ಮೂರು ಬೇರೆ ಬೇರೆ ಸಂಗತೀನ ಒಂದೇ ಚೀಲಕ್ಕೆ ಹಾಕ್ಬಿಡ್ತಾರೆ. ಮುಖ ಎತ್ತಕಡೆ, ಮೈ ಎತ್ತಕಡೆ, ಕಣ್ಣು ಎತ್ತಕಡೆ. ಮದುಮಗಳು ಎದುರಿಗೆ ಕೂತಿರ್ತಾಳೆ, ತಲೆ ಗಂಡನ ಕಡೆ ತಿರುಗಿರುತ್ತೆ, ಕಣ್ಣು ಮಾತ್ರ ನೆಲದ ಮೇಲೆ. ನಿಮಗೆ ಮೂರೂ ಬೇಕಾಗಿಲ್ಲ, ಯಾವ್ದಕ್ಕೆ ಟ್ಯಾಗ್ ಹಾಕ್ತೀರ ಅಂತ ಒಂದೇ ಒಂದು ತೀರ್ಮಾನ ಮಾಡಿ ಬರ್ದಿಡಿ. ನಾನಾದ್ರೆ ಮುಖಕ್ಕೆ ಹಾಕ್ತೀನಿ. ಎಷ್ಟು ತಿರುಗಿದ್ರೆ 'ಪಕ್ಕದ ಮುಖ' ಅನ್ನೋದಕ್ಕೂ ಗೆರೆ ಎಳೀಬೇಕು. ಒಂದೇ ಕಣ್ಣು ಕಂಡ್ರೆ ಪಕ್ಕದ ಮುಖ, ಎರಡೂ ಕಣ್ಣು ಕಂಡು ಒಂದು ಕಿವಿ ಮರೆಯಾಗಿದ್ರೆ ಮುಕ್ಕಾಲು ಮುಖ, ಎರಡು ಕಿವೀನೂ ಕಂಡ್ರೆ ಎದುರು. ಡಿಗ್ರಿ ಗಿಗ್ರಿ ಅಂತ ಬರೀಬೇಡಿ, ಯಾರೂ ಕೋನಮಾಪಕ ಹಿಡ್ಕೊಂಡು ಕೂರಲ್ಲ. ಎತ್ತಿಗೆ ಈ ಕಿವಿ ಲೆಕ್ಕ ನಡೆಯಲ್ಲ, ಅದಕ್ಕೆ ಮೂತಿ ನೋಡಿ. ಹಕ್ಕಿಗೆ ಕೊಕ್ಕು ನೋಡಿ, ಆದ್ರೆ ಕೆಲವು ಹಕ್ಕಿಗಳು ನಿದ್ದೆ ಮಾಡ್ವಾಗ ಕೊಕ್ಕನ್ನ ಹಿಂದಕ್ಕೆ ತಿರುಗಿಸಿ ಬೆನ್ನ ಪುಕ್ಕದೊಳಗೆ ತೂರಿಸ್ಕೊಂಡು ನಿಂತಿರ್ತವೆ, ಅಂಥದ್ದಕ್ಕೆ ಎದೆ ಇರೋ ಕಡೆ. ತೇರಿಗೆ ಹಗ್ಗ ಕಟ್ಟಿರೋ ಕಡೆ ಮುಂದೆ. ಕಬ್ಬಿನ ಮೆದೆಗೆ, ಅರಳಿಕಟ್ಟೆಗೆ, ಕೊಪ್ಪರಿಗೆಗೆ ಟ್ಯಾಗೇ ಬೇಡ. ಹತ್ತು ಜನ ಹತ್ತು ಕಡೆ ನೋಡ್ತಿದ್ರೂ ಬೇಡ.

ಪೂರ್ವ ಪಶ್ಚಿಮ ಬೇರೆ ಸಂಗತಿ, ಅದು ನೆಲಕ್ಕೆ ಸೇರಿದ್ದು, ಅದನ್ನ ಇದರ ಜೊತೆ ಸೇರಿಸ್ಬೇಡಿ. ಆದ್ರೆ ಎರಡೂ ಗೊತ್ತಿದ್ರೆ ಮಜಾ ಇದೆ. ಜಂಬೂ ಸವಾರಿ ಸಯ್ಯಾಜಿರಾವ್ ರಸ್ತೇಲಿ ಬನ್ನಿಮಂಟಪದ ಕಡೆ, ಉತ್ತರಕ್ಕೆ ಹೋಗುತ್ತೆ. ದೇವರಾಜ ಮಾರ್ಕೆಟ್ ಬದಿ ನಿಂತು ತೆಗೆದ ಫೋಟೋದಲ್ಲಿ ಅಂಬಾರಿ ಆನೆ ಚಿತ್ರದ ಎಡಕ್ಕೆ ಹೋಗ್ತಿರುತ್ತೆ, ಎದುರು ಸಾಲಿನಿಂದ ತೆಗೆದ್ರೆ ಬಲಕ್ಕೆ. ತೆಗೆದೋರು ಯಾರು ಅಂತ ಗೊತ್ತಿಲ್ಲದ ಹಳೇ ಫೋಟೋ ಆದ್ರೂ ರಸ್ತೆಯ ಯಾವ ಬದೀಲಿ ನಿಂತಿದ್ರು ಅಂತ ಒಂದು ಟ್ಯಾಗೇ ಹೇಳ್ಬಿಡುತ್ತೆ. ನಮ್ಮ ಪತ್ರಿಕೆಯ ಪುಟ ಕಟ್ಟೋ ಹುಡುಗನಿಗೂ ಇದು ಬೇಕು, ಬಲಗಡೆ ಪುಟದಲ್ಲಿರೋರು ಪುಟದ ಒಳಕ್ಕೆ ನೋಡ್ಬೇಕು, ಹೊರಕ್ಕೆ ನೋಡಿದ್ರೆ ಎದ್ದು ಹೋಗ್ತಿರೋ ಹಂಗೆ ಕಾಣುತ್ತೆ ಅಂತಾನೆ.

ಈಗಾಗ್ಲೇ ಹಾಕಿರೋ 'ಎಡ' 'ಬಲ' ಟ್ಯಾಗುಗಳನ್ನ ಅಳಿಸ್ಬೇಡಿ, 'ಎಡ ಹಳೇದು' ಅಂತ ಹೆಸರು ಬದಲಾಯ್ಸಿ ಒಂದೊಂದೇ ನೋಡ್ತಾ ಬನ್ನಿ. ಅದಕ್ಕೂ ಮುಂಚೆ ನೀವೊಂದು ಸಲ, ನಿಮ್ಮಪ್ಪ ಒಂದು ಸಲ, ಒಬ್ರದ್ದೊಬ್ರು ನೋಡದೆ ಅದೇ ಐವತ್ತು ಫೋಟೋಗೆ ಟ್ಯಾಗ್ ಹಾಕಿ. ಎಲ್ಲಿ ಇಬ್ರಿಗೂ ತಾಳೆ ಆಗಲ್ವೋ ಅಲ್ಲೆಲ್ಲಾ ವ್ಯಾಖ್ಯೆಗೆ ಇನ್ನೊಂದು ಸಾಲು ಬೇಕು ಅಂತ ಅರ್ಥ. ಸುದ್ದಿ ಫೋಟೋಗಳಿಗೆ ಐಪಿಟಿಸಿ ಅನ್ನೋ ಸಂಸ್ಥೆ ಮಾಡಿರೋ ದೃಶ್ಯಗಳ ಪಟ್ಟೀಲಿ ಪಕ್ಕದ ಮುಖಕ್ಕೆ 010400, ಹಿಂಬದಿಗೆ 010500 ಅಂತ ಕೋಡ್ ಇದೆ. ನಮ್ಮ ಆರ್ಕೈವಿಗೆ ಎಡ ಬಲ ಬೇಕಾದ್ರೆ ನಾವೇ ಸೇರಿಸ್ಕೋಬೇಕು.

ಪ್ರಶ್ನೆ: ಅಜ್ಜಿಯ ಹಳೇ ನೆಗೆಟಿವ್ ಸ್ಕ್ಯಾನ್ ಮಾಡಿಸಿದ್ವಿ, ಸೆರಗು ಬಲ ಹೆಗಲ ಮೇಲೆ ಬಂದಿದೆ. ಅಜ್ಜಿ ಹಂಗೆ ಉಡ್ತಾ ಇರ್ಲಿಲ್ಲ ಅಂತ ಅಮ್ಮ ಹೇಳ್ತಾರೆ. (ಸರಸ್ವತಿಪುರಂ, ಮೈಸೂರು)

ಉತ್ತರ: ಅಮ್ಮ ಹೇಳೋದನ್ನ ನಂಬಿ. ನೆಗೆಟಿವ್‌ನ ಒಂದು ಮುಖ ಹೊಳಪು, ಇನ್ನೊಂದು ಮಂಕು, ಸ್ಕ್ಯಾನ್ ಮಾಡ್ವಾಗ ಮಗುಚಿ ಇಟ್ರೆ ಚಿತ್ರ ಕನ್ನಡಿಯೊಳಗಿನ ಹಂಗೆ ಬರುತ್ತೆ. ಪಕ್ಕದಲ್ಲಿ ತಾತ ಇದ್ರೆ ಅಂಗಿ ನೋಡಿ, ಗಂಡಸರ ಅಂಗೀಲಿ ಗುಂಡಿ ಅವರ ಬಲಗಡೆ ಪಟ್ಟೀಲಿ, ಕಾಜ ಎಡಗಡೇದರಲ್ಲಿ ಇರ್ಬೇಕು. ಗೋಡೆ ಮೇಲೆ ಕ್ಯಾಲೆಂಡರ್ ಇದ್ರಂತೂ ಮುಗೀತು, ಅಕ್ಷರವೇ ಹೇಳುತ್ತೆ. ಒಂದೇ ಎಚ್ಚರಿಕೆ, ಅಜ್ಜಿ ಕೊಡಗಿನೋರಾ? ಅವರು ನಿರಿಗೆ ಹಿಂದಕ್ಕೆ ಹಾಕಿ ಸೆರಗನ್ನ ಬಲ ಹೆಗಲಿಗೇ ತರ್ತಾರೆ. ಚಿತ್ರ ಸರಿ ಮಾಡೋವರೆಗೂ ಮುಖದ ಟ್ಯಾಗ್ ಹಾಕ್ಬೇಡಿ, ಆಮೇಲೆ ಎಲ್ಲಾ ಉಲ್ಟಾ ಆಗುತ್ತೆ.

ಪ್ರಶ್ನೆ: ಫೋನಲ್ಲಿ ನೆಟ್ಟಗಿರೋ ಫೋಟೋ ಆರ್ಕೈವ್‌ಗೆ ಹಾಕಿದ್ರೆ ಅಡ್ಡ ಮಲಗುತ್ತೆ ಯಾಕೆ? 'ಮಲಗಿರುವ ವ್ಯಕ್ತಿ' ಅಂತ ಯಾರೋ ಟ್ಯಾಗ್ ಬೇರೆ ಹಾಕಿದಾರೆ!

ಉತ್ತರ: ಪಾಪ, ಅವರ ತಪ್ಪಲ್ಲ. ಫೋನು ಚಿತ್ರವನ್ನ ಅಡ್ಡಕ್ಕೇ ಬರ್ದು, ಎಕ್ಸಿಫ್ ಅನ್ನೋ ಮಾಹಿತೀಲಿ 'ತೋರಿಸ್ವಾಗ ತಿರುಗಿಸಿ' ಅಂತ ಒಂದು ಚೀಟಿ ಇಡುತ್ತೆ. 1 ಅಂದ್ರೆ ಇದ್ದಂಗೇ ಸರಿ, 3 ಅಂದ್ರೆ ತಲೆಕೆಳಗು, 6 ಅಂದ್ರೆ ಗಡಿಯಾರದ ಮುಳ್ಳು ಹೋಗೋ ಕಡೆ ಕಾಲು ಸುತ್ತು, 8 ಅಂದ್ರೆ ಅದರ ಉಲ್ಟಾ. 2, 4, 5, 7 ಕನ್ನಡಿ ಥರದವು. ಚೀಟಿ ಓದದ ಸಾಫ್ಟ್‌ವೇರ್ ಸಿಕ್ರೆ ಮನುಷ್ಯ ಮಲಗ್ತಾನೆ. ಅಪ್‌ಲೋಡ್‌ಗೆ ಮುಂಚೆ ಚಿತ್ರವನ್ನೇ ತಿರುಗಿಸಿ ಸೇವ್ ಮಾಡಿ, ಚೀಟೀಲಿ 1 ಆಗಿದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಎರಡೆರಡು ಸಲ ತಿರುಗುತ್ತೆ. ನಿಜವಾಗ್ಲೂ ಮಲಗಿರೋರಿಗೆ ಬೇರೆ ಟ್ಯಾಗ್ ಇರ್ಲಿ.

ಪ್ರಶ್ನೆ: ಗಂಡಭೇರುಂಡಕ್ಕೆ ಯಾವ ಟ್ಯಾಗ್ ಹಾಕೋದು ಮೇಡಂ? ಹಳೇ ಬೆಳ್ಳಿ ರೂಪಾಯಿಗೆ?

ಉತ್ತರ: ಗಂಡಭೇರುಂಡಕ್ಕೆ 'ಮುಖ ಎರಡೂ ಕಡೆ' ಅಂತ ಒಂದು ಟ್ಯಾಗ್ ಮಾಡ್ಕೊಳ್ಳಿ, ಮೈಸೂರಲ್ಲಿ ಫೋಟೋ ತೆಗೆಯೋರಿಗೆ ಅದು ದಿನಾ ಬೇಕಾಗುತ್ತೆ. ನಾಣ್ಯದೋರು ಮೊದಲಿಂದಲೂ ನೋಡೋರ ಎಡಬಲಾನೇ ಬರೆಯೋದು. ವಿಕ್ಟೋರಿಯಾ ರಾಣಿ ಎಡಕ್ಕೆ, ಏಳನೇ ಎಡ್ವರ್ಡ್ ಬಲಕ್ಕೆ, ಐದನೇ ಜಾರ್ಜ್ ಮತ್ತೆ ಎಡಕ್ಕೆ. ನಿಮ್ಮ ಫೋಟೋದಲ್ಲಿ ರಾಣಿ ಬಲಕ್ಕೆ ನೋಡ್ತಿದ್ರೆ ಪಕ್ಕದಲ್ಲಿರೋ ಅಕ್ಷರ ಓದಿ ನೋಡಿ, ಅದೂ ಉಲ್ಟಾ ಇರುತ್ತೆ.