ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳೋದು ಯಾರು?

ಪ್ರಶ್ನೆ: ಬಸ್ಸಿಗೆ ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಆಗ ತಳ್ಳುವ ಬಲ ಯಾವುದು? ಮಗಳ ಟ್ಯೂಷನ್ ನೋಟ್ಸ್‌ನಲ್ಲಿ ‘ಜಡತ್ವದ ಬಲ’ ಅಂತ ಬರೆಸಿದ್ದಾರೆ. ಸರಿನಾ?

ತಪ್ಪು. ಮುಂದಕ್ಕೆ ತಳ್ಳುವ ಬಲ ಅಲ್ಲಿ ಇಲ್ಲವೇ ಇಲ್ಲ. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಅದೇ ನೋಟ್ಸ್ ಕೈಯಿಂದ ಕೈಗೆ ದಾಟುತ್ತದೆ, ನನಗಂತೂ ಸಿಟ್ಟು ಬರುತ್ತದೆ. ಯಾರಾದರೂ ‘ಬಲ’ ಅಂದ ಕೂಡಲೇ ‘ಹಾಕಿದ್ದು ಯಾವುದು?’ ಅಂತ ಕೇಳಿ. ಕೈ ತಳ್ಳುತ್ತದೆ, ಹಗ್ಗ ಎಳೆಯುತ್ತದೆ, ಭೂಮಿ ಸೆಳೆಯುತ್ತದೆ. ಜಡತ್ವ ಯಾರನ್ನೂ ತಳ್ಳುವುದಿಲ್ಲ. ಇದ್ದ ಹಾಗೇ ಇರುವುದು ವಸ್ತುವಿನ ಗುಣ, ಅದಕ್ಕಿಟ್ಟ ಹೆಸರು ಅದು.

ಬಸ್ಸಿನ ನೆಲದ ಮೇಲೆ ಬಿದ್ದಿರುವ ನೀರಿನ ಬಾಟಲಿ ನೋಡಿ. ಡ್ರೈವರ್ ಬ್ರೇಕ್ ಒತ್ತಿದ ತಕ್ಷಣ ಅದು ಸೀಟುಗಳ ಕೆಳಗೆ ಮುಂದಕ್ಕೆ ಉರುಳುತ್ತದೆ. ಒಳಗೆ ಕೂತವರಿಗೆ ಯಾರೋ ಒದ್ದ ಹಾಗೆ ಕಾಣುತ್ತದೆ. ಅದನ್ನೇ ರಸ್ತೆ ಬದಿಯಲ್ಲಿ ನಿಂತು ನೋಡಿದರೆ? ಬಸ್ಸೂ ಬಾಟಲಿಯೂ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದವು, ಬ್ರೇಕ್ ಚಕ್ರವನ್ನು ಹಿಡಿಯಿತು, ರಸ್ತೆಯ ಘರ್ಷಣೆ ಬಸ್ಸನ್ನು ನಿಧಾನ ಮಾಡಿತು, ಬಾಟಲಿಯನ್ನು ಮಾತ್ರ ಯಾವುದೂ ಗಟ್ಟಿಯಾಗಿ ಹಿಡಿಯಲಿಲ್ಲ, ಅದು ಹೆಚ್ಚುಕಡಿಮೆ ಹಳೇ ವೇಗದಲ್ಲೇ ಮುಂದುವರಿಯಿತು. ಅಷ್ಟೇ. ನಿಂತಿರುವ ಪ್ರಯಾಣಿಕನಿಗೂ ಹೀಗೇ ಆಗುವುದು. ಪಾದಗಳನ್ನು ನೆಲದ ಘರ್ಷಣೆ ತಡೆಯುತ್ತದೆ, ಮೇಲಿನ ಮೈಯನ್ನು ತಡೆಯುವುದು ಏನೂ ಇಲ್ಲ. ಕಂಬಿ ಹಿಡಿದಿದ್ದರೆ ಕಂಬಿ ತಡೆಯುತ್ತದೆ. ಇಲ್ಲಿ ಹಿಂದೆ-ಮುಂದೆ ದಿಕ್ಕಿನಲ್ಲಿ ಕೆಲಸ ಮಾಡುವ ಬಲಗಳೆಲ್ಲ ಹಿಂದಕ್ಕೇ ಇವೆ, ಗಮನಿಸಿ. (ಪಿಯುಸಿಯಲ್ಲಿ ‘ಮಿಥ್ಯಾಬಲ’ ಅಂತ ಒಂದು ಬರುತ್ತದೆ, ಬಸ್ಸಿನ ಒಳಗಿನಿಂದ ಲೆಕ್ಕ ಹಾಕುವಾಗ ಇದೆ ಅಂತ ಅಂದುಕೊಳ್ಳುವ ಬಲ. ಏಳನೇ ಕ್ಲಾಸಿನ ಮಗುವಿಗೆ ಈಗಲೇ ಅದನ್ನು ಹೇಳಿ ಗೊಂದಲ ಮಾಡಬೇಡಿ.)

ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಏನೋ ಒಂದು ತಳ್ಳುತ್ತದೆ ಅಂದುಕೊಂಡವರು, ಅದನ್ನು ತೋಳಿನಿಂದ ತಡೆಯಬಹುದು ಅಂತಲೂ ನಂಬುತ್ತಾರೆ. ‘ಮಗುವನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ ಸರ್, ಏನೂ ಆಗಲ್ಲ’ ಅನ್ನುತ್ತಾರೆ. ಲೆಕ್ಕ ಹಾಕೋಣ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಕಾರು ಗುದ್ದಿ 0.1 ಸೆಕೆಂಡಿನಲ್ಲಿ ನಿಂತಿತು ಅನ್ನಿ. 10 ಕೆ.ಜಿ. ಮಗುವನ್ನೂ ಅಷ್ಟರಲ್ಲೇ ನಿಲ್ಲಿಸಲು ದ್ರವ್ಯರಾಶಿ 10ನ್ನು ವೇಗ 10ರಿಂದ ಗುಣಿಸಿ, ಸಮಯ 0.1ರಿಂದ ಭಾಗಿಸಿ: 1000 ನ್ಯೂಟನ್ (ಬಲದ ಅಳತೆ) ಬೇಕು. ಸುಮಾರು 100 ಕೆ.ಜಿ. ಮೂಟೆಯನ್ನು ಎತ್ತಿ ಹಿಡಿಯುವಷ್ಟು ಬಲ, ಅದೂ ನೀವೇ ಮುಂದಕ್ಕೆ ಹೋಗುತ್ತಿರುವ ಹೊತ್ತಿನಲ್ಲಿ, ಏನಾಯಿತು ಅಂತ ನಿಮಗೆ ಗೊತ್ತಾಗುವ ಮೊದಲೇ. ಈ ವೇಗದಲ್ಲಿ ಗುದ್ದುವುದೂ 5 ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ನಿಮ್ಮ ಕೈಯಲ್ಲಿ ಆಗುವುದಿಲ್ಲ. ಮಗುವಿಗೆ ಅದರ ವಯಸ್ಸಿಗೆ ತಕ್ಕ ಸೀಟು, ಅದರದ್ದೇ ಬೆಲ್ಟ್. ‘ಹಿಂದಿನ ಸೀಟು ತಾನೇ’ ಅನ್ನಬೇಡಿ, ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅಂತ ಕಾನೂನೇ ಇದೆ.

ಪ್ರಶ್ನೆ: ಭಾರದ ವಸ್ತು ಬೇಗ ಬೀಳುತ್ತೆ ಅಲ್ವಾ?

ಇಲ್ಲ, ವ್ಯತ್ಯಾಸ ಮಾಡುವುದು ಗಾಳಿಯ ತಡೆ. 1971ರಲ್ಲಿ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು, ಎರಡೂ ಒಟ್ಟಿಗೇ ಬಿದ್ದವು. ವಿಡಿಯೋ ಇದೆ, ಮಕ್ಕಳಿಗೆ ತೋರಿಸಿ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುವುದು ಗುರುತ್ವ ಇಲ್ಲದ್ದಕ್ಕಾ?

ಗುರುತ್ವ ಇದೆ. ಸುಮಾರು 400 ಕಿ.ಮೀ. ಎತ್ತರದಲ್ಲೂ ಇಲ್ಲಿಯದರ ಶೇ. 90ರ ಹತ್ತಿರ ಇದೆ. ನಿಲ್ದಾಣವೂ ಒಳಗಿರುವವರೂ ಭೂಮಿಯ ಸುತ್ತ ಹೋಗುತ್ತಲೇ ಒಟ್ಟಿಗೆ ಬೀಳುತ್ತಿದ್ದಾರೆ, ಅದಕ್ಕೇ ತೇಲುತ್ತಾರೆ.

ಪ್ರಶ್ನೆ: ನ್ಯೂಟನ್‌ನ ಮೂರನೇ ನಿಯಮ (ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ) ಅಂದರೆ ಕರ್ಮ ಸಿದ್ಧಾಂತವೇ ತಾನೇ?

ಅಲ್ಲ. ಕ್ರಿಯೆ, ಪ್ರತಿಕ್ರಿಯೆ ಒಂದೇ ಕ್ಷಣದಲ್ಲಿ, ಎರಡು ಬೇರೆ ಬೇರೆ ವಸ್ತುಗಳ ಮೇಲೆ ಆಗುತ್ತವೆ. ವೇದಿಕೆ ಹತ್ತಿ ಮಕ್ಕಳ ಎದುರು ಹೀಗೆಲ್ಲ ಭಾಷಣ ಮಾಡುವವರು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ಕರೆಂಟೇ ಇಲ್ಲದೆ ಅಯಸ್ಕಾಂತದಿಂದ ಸದಾ ತಿರುಗುವ ಫ್ಯಾನಿನ ಕಿಟ್ ಮಾರುತ್ತಾರೆ. ಮಗನ ಸೈನ್ಸ್ ಎಕ್ಸಿಬಿಷನ್‌ಗೆ ತಗೋಬಹುದಾ?

ಬೇಡ. ಅದು ಮೋಸ. ಘರ್ಷಣೆಗೆ ಕಳೆಯುವ ಶಕ್ತಿಯನ್ನು ಅಯಸ್ಕಾಂತ ಸದಾ ತುಂಬಿಕೊಡಲಾರದು. ಅದರ ಬದಲು ಒಂದು ಸ್ಪ್ರಿಂಗ್ ತಕ್ಕಡಿ ತಂದುಕೊಡಿ. ಒಂದೇ ಇಟ್ಟಿಗೆಯನ್ನು ಅದರ ಕೊಕ್ಕೆಗೆ ಕಟ್ಟಿ, ಸಿಮೆಂಟ್ ನೆಲ, ನುಣುಪಾದ ಟೈಲ್ಸ್, ಮರಳು ಹಾಕಿದ ಹಲಗೆ ಮೂರರ ಮೇಲೂ ಒಂದೇ ಸಮನೆ ಎಳೆದು, ಮುಳ್ಳು ಎಲ್ಲಿ ನಿಲ್ಲುತ್ತದೆ, ಅಂದರೆ ಘರ್ಷಣೆ ಎಷ್ಟು, ಅಂತ ಅವನೇ ಬರೆದುಕೊಳ್ಳಲಿ.