ಪುಣೆಯಲ್ಲಿ ಹಳೇ ಸ್ಕೂಟರಿನ ಆರ್‌ಸಿ ನವೀಕರಣ ನಿಂತಿದ್ದರೆ

ಟಿಫಿನ್ ಹಂಚುವ ಹಳೇ ಸ್ಕೂಟರಿನ ಆರ್‌ಸಿ (ನೋಂದಣಿ ಪತ್ರ) ನವೀಕರಣ ಯಾಕೆ ನಿಂತಿದೆ, ಈ ಹೊರೆ ನಮ್ಮ ಮೇಲೇ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಅರ್ಜಿ ನಿಂತಿರುವುದು ಬಹುಶಃ ಪರ್ಯಾವರಣ ಕರ (ಪರಿಸರ ತೆರಿಗೆ) ಬಾಕಿ ಇರುವುದರಿಂದ. ಇದು ದಂಡವಲ್ಲ. ಮಹಾರಾಷ್ಟ್ರದಲ್ಲಿ 15 ವರ್ಷ ದಾಟಿದ ಖಾಸಗಿ ಗಾಡಿಗಳಿಗೆಲ್ಲ ಇದೆ, 2010ರಲ್ಲಿ ತಂದಾಗ ದ್ವಿಚಕ್ರಕ್ಕೆ ಐದು ವರ್ಷಕ್ಕೆ 2000 ರೂಪಾಯಿ ಇತ್ತು.

ಮೊದಲು ವಿಮೆ, ಪಿಯುಸಿ (ಹೊಗೆ ತಪಾಸಣೆ ಪತ್ರ) ಎರಡೂ ಚಾಲ್ತಿಯಲ್ಲಿವೆಯೇ ನೋಡಿಕೊಳ್ಳಿ. ಆಮೇಲೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್, ಚಾಸಿಸ್‌ನ ಕೊನೇ ಐದು ಅಂಕಿ ಹಾಕಿ ತೆರಿಗೆ ಕಟ್ಟಿ. ಪರದೆ ತೋರಿಸುವ ಮೊತ್ತವನ್ನೇ ನಂಬಿ, ಏಜೆಂಟ್ ಹೇಳಿದ್ದನ್ನಲ್ಲ.

ಟಿಫಿನ್ ಹಂಚುವವರ ಮೇಲೇ ಯಾಕೆ ಈ ಹೊರೆ ಅನ್ನುವ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಈ ಕರ ನೋಡುವುದು ಗಾಡಿಯ ವಯಸ್ಸನ್ನು, ಸುಟ್ಟ ಪೆಟ್ರೋಲನ್ನಲ್ಲ. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗುವ ಸ್ಕೂಟರಿಗೂ ದಿನವಿಡೀ ಓಡುವುದಕ್ಕೂ ಒಂದೇ ದರ. ಹೊಸದು ಕೊಳ್ಳಲಾಗದವರಿಗೇ ಪೆಟ್ಟು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲಿ ಇಂಧನಕ್ಕೆ ಇಂಗಾಲ ತೆರಿಗೆ ಹಾಕಿದಾಗ ಕಡಿಮೆ ಆದಾಯದವರಿಗೆ ಹಣ ಮರಳಿಸುವ ವ್ಯವಸ್ಥೆಯನ್ನೂ ಮಾಡಿತ್ತು. ನಮ್ಮಲ್ಲೂ ಅಂಥದ್ದು ಬೇಕು.

ಕಟ್ಟಿದ ರಸೀದಿ, ಫಾರ್ಮ್ 25 (ನವೀಕರಣದ ಅರ್ಜಿ), ಹಳೇ ಆರ್‌ಸಿ ಜೊತೆಗಿಟ್ಟು ಆರ್‌ಟಿಒ ತಪಾಸಣೆಗೆ ದಿನ ಗೊತ್ತುಮಾಡಿಕೊಳ್ಳಿ. ಹೋಗುವ ಮುನ್ನ ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಸರಿಮಾಡಿಸಿ, ಚಾಸಿಸ್ ನಂಬರಿನ ಮೇಲಿನ ಜಿಡ್ಡು ಒರೆಸಿ. ಅದು ಓದಲು ಬರದಿದ್ದರೆ ವಾಪಸ್ ಕಳಿಸಬಹುದು.